67 ವೋಲ್ಟಿಗೆ ಮರಳಿದ ಕ್ವಾಡ್

ಮುಂಬೈಯ ದಾದರಿನ ಪಾರ್ಸಿ ಕಾಲನಿಯಲ್ಲಿ ಮನೆ ಖಾಲಿ ಮಾಡುತ್ತಿದ್ದ ಕುಟುಂಬವೊಂದರಿಂದ ನಾನು ಮೂರು ವಸ್ತುಗಳನ್ನು ಕೊಂಡೆ: ಸಂಕೇತವನ್ನು ಆರಿಸಿ ಹದಗೊಳಿಸುವ ಕ್ವಾಡ್ 33 ಪ್ರೀ-ಆಂಪ್ಲಿಫೈಯರ್, ಅದರ ಜೋಡಿಯಾಗಿ ಸ್ಪೀಕರುಗಳನ್ನು ನುಡಿಸುವ ಕ್ವಾಡ್ 303 ಪವರ್ ಆಂಪ್ಲಿಫೈಯರ್ ಮತ್ತು ಗೋಲ್ಡ್‌ರಿಂಗ್-ಲೆಂಕೊ ಜಿಎಲ್ 75 ಟರ್ನ್‌ಟೇಬಲ್. ಮನೆಯ ಹಿರಿಯರು ತೀರಿಕೊಂಡ ಮೇಲೆ ಅವುಗಳನ್ನು ಯಾರೂ ಮುಟ್ಟಿರಲಿಲ್ಲ. ಈಗ ನಡೆಯುತ್ತವೆಯೇ ಎಂಬುದು ಮನೆಯವರಿಗೂ ಗೊತ್ತಿರಲಿಲ್ಲ. ಅಲ್ಲೇ ಪ್ಲಗ್ ಹಾಕಿ ತೋರಿಸಲು ಹೊರಟವರನ್ನು ನಾನೇ ತಡೆದೆ. ವರ್ಷಗಟ್ಟಲೆ ಕರೆಂಟು ಕಾಣದೆ ಕುಳಿತ ಆಂಪ್ಲಿಫೈಯರಿಗೆ ಒಮ್ಮೆಲೇ 230 ವೋಲ್ಟ್ ಕೊಡುವುದೆಂದರೆ ಬದುಕಿರಬಹುದಾದದ್ದನ್ನೂ ಸುಟ್ಟುಹಾಕಿದಂತೆ. ವಿದ್ಯುತ್ತನ್ನು ಕೂಡಿಡುವ ಎಲೆಕ್ಟ್ರೊಲಿಟಿಕ್ ಕೆಪಾಸಿಟರಿನೊಳಗೆ ಅಲ್ಯೂಮಿನಿಯಂ ಹಾಳೆಯ ಮೇಲಿರುವ ಆಕ್ಸೈಡ್ ಪದರವು ಬಳಕೆಯಿಲ್ಲದೆ ತೆಳುವಾಗುತ್ತಾ ಹೋಗುತ್ತದೆ. ಪೂರ್ಣ ವೋಲ್ಟೇಜು ಹಠಾತ್ತನೆ ಬಿದ್ದಾಗ ಆ ಪದರದ ಮೂಲಕ ಕರೆಂಟು ಸೋರಿ, ಕೆಪಾಸಿಟರ್ ಬಿಸಿಯಾಗಿ ಸಿಡಿಯುವುದುಂಟು.

ಈ ಎರಡು ಕ್ವಾಡ್‌ಗಳೂ 1967ರಲ್ಲಿ ಮಾರುಕಟ್ಟೆಗೆ ಬಂದವು. ಪೀಟರ್ ವಾಕರ್ 1936ರಲ್ಲಿ ಸ್ಥಾಪಿಸಿದ, ಮುಂದೆ ಇಂಗ್ಲೆಂಡಿನ ಹಂಟಿಂಗ್‌ಡನ್ ಊರಿನಲ್ಲಿ ನೆಲೆನಿಂತ ಕಂಪನಿ ಇವುಗಳನ್ನು ತಯಾರಿಸಿತು. ಅದಕ್ಕೂ ಮೊದಲು ಅವರ ಹೆಸರಾಂತ ಆಂಪ್ಲಿಫೈಯರ್ ವಾಲ್ವಿನದಾಗಿತ್ತು, ಅಂದರೆ ಗಾಜಿನ ನಿರ್ವಾತ ಕೊಳವೆಗಳದ್ದು. 303ರಲ್ಲಿ ಅವರು ಟ್ರಾನ್ಸಿಸ್ಟರಿಗೆ ಬಂದರು. ಎರಡೂ ಚಾನೆಲ್‌ಗಳಿಗೆ 8 ಓಮ್ ಸ್ಪೀಕರಿನ ಮೇಲೆ ತಲಾ 45 ವಾಟ್ ಶಕ್ತಿ, ಅದರ ಹಿಂದೆ 67 ವೋಲ್ಟಿಗೆ ನಿಯಂತ್ರಿಸಿದ ಪವರ್ ಸಪ್ಲೈ, ಸ್ಪೀಕರಿಗೂ ಸರ್ಕ್ಯೂಟಿಗೂ ನಡುವೆ 2000 ಮೈಕ್ರೊಫ್ಯಾರಡಿನ ಒಂದು ದಪ್ಪ ಕೆಪಾಸಿಟರ್: ಇಷ್ಟು ಹೇಳಿದರೆ 303ರ ಜಾತಕವನ್ನು ಬಹುಪಾಲು ಹೇಳಿದ ಹಾಗೆಯೇ. ಈ ಆಂಪ್ಲಿಫೈಯರಿನ ‘ಸುಧಾರಣೆ’ಗೆಂದು ಹವ್ಯಾಸಿಗಳು ಸೂಚಿಸುವ ಬದಲಾವಣೆಗಳಿಗೆ ಕೊನೆಯಿಲ್ಲ. ಅವುಗಳನ್ನೆಲ್ಲ ಓದಿದ ಬಳಿಕ ನಾನು ಒಂದು ನಿಯಮ ಇಟ್ಟುಕೊಂಡೆ. ಮೊದಲು ಅದು ಕಾರ್ಖಾನೆಯಿಂದ ಹೊರಬಿದ್ದ ದಿನದ ಸ್ಥಿತಿಗೆ ಬರಬೇಕು. ಅಲ್ಲಿಂದ ಮುಂದೆ, 1967ರ ಬಳಕೆಗೂ ಇಂದಿನ ಬಳಕೆಗೂ ಎಲ್ಲಿ ನಿಜವಾದ ವ್ಯತ್ಯಾಸವಿದೆಯೋ ಅಲ್ಲಿ ಮಾತ್ರ ಕೈಹಾಕಬೇಕು. ಮೊದಲನೆಯದನ್ನು ಮುಗಿಸದೆ ಎರಡನೆಯದಕ್ಕೆ ಹೋದವರು ತಮ್ಮ ದುರಸ್ತಿಯಿಂದಾದ ಲಾಭವನ್ನು ಸುಧಾರಣೆಯ ಖಾತೆಗೆ ಬರೆದುಕೊಳ್ಳುತ್ತಾರೆ ಎಂಬುದು ನನ್ನ ಗುಮಾನಿ.

ಮುಚ್ಚಳ ತೆಗೆದಾಗ ಮೊದಲು ಕಣ್ಣಿಗೆ ಬಿದ್ದದ್ದು ಮುಂಬೈಯ ಹವೆಯ ಕೆಲಸ. ಸಮುದ್ರದ ಉಪ್ಪುಗಾಳಿಯೂ ನಾಲ್ಕು ತಿಂಗಳ ಮಳೆಯ ತೇವವೂ ಸೇರಿ ತಾಮ್ರದ ತಂತಿಗಳ ತುದಿಗಳನ್ನು ಹಸಿರಾಗಿಸಿದ್ದವು. ಸ್ಕ್ರೂಗಳ ತಲೆ ತುಕ್ಕು ಹಿಡಿದಿತ್ತು. ಟ್ರಾನ್ಸ್‌ಫಾರ್ಮರಿನ ಮೇಲ್ಮೈಯಲ್ಲಿ ಬೂಷ್ಟಿನ ಬಿಳಿ ಪೊರೆ ಇತ್ತು. ಕೆಪಾಸಿಟರ್‌ಗಳ ತಲೆ ಉಬ್ಬಿರಲಿಲ್ಲ, ಬುಡದಲ್ಲಿ ಸೋರಿಕೆಯ ಗುರುತೂ ಇರಲಿಲ್ಲ. ಬೆಂಗಳೂರಿನ ಒಣ ಹವೆಯಲ್ಲಿ ಇಷ್ಟೇ ಕಾಲ ಉಳಿದ ಯಂತ್ರದಲ್ಲಿ ದೋಷ ಹುಡುಕುವವರು ಕೆಪಾಸಿಟರಿನಿಂದ ಶುರುಮಾಡಿದರೆ ನಡೆದೀತು. ಇಲ್ಲಿ ಮಾತ್ರ ಎರಡು ಲೋಹಗಳು ಬರಿದೇ ಒತ್ತಿಕೊಂಡು ನಿಂತಿರುವ ಪ್ರತಿಯೊಂದು ಜಾಗವನ್ನೂ ಮೊದಲು ಸಂಶಯಿಸಬೇಕು.

ಈ ವಿಷಯದಲ್ಲಿ ನನಗೆ ದಾರಿ ತೋರಿದವರು ಕುಂದಾಪುರದ ಕಡೆಯ ಒಬ್ಬ ಹಿರಿಯರು. ಡೊಂಬಿವಲಿಯಲ್ಲಿ ದೀರ್ಘಕಾಲ ರೇಡಿಯೊ ರಿಪೇರಿಯ ಅಂಗಡಿ ನಡೆಸಿ, ಈಗ ಅದನ್ನು ಮುಚ್ಚಿ ಮನೆಯಲ್ಲಿದ್ದಾರೆ. ಇದ್ದಬದ್ದ ಕೆಪಾಸಿಟರ್‌ಗಳನ್ನೆಲ್ಲ ಒಟ್ಟಿಗೆ ಬದಲಿಸಿಬಿಡಲೇ ಎಂದು ಕೇಳಿದಾಗ ಅವರು ಗದರಿದರು: "ಹಾಗೆಲ್ಲ ಮಾಡ್ಬೇಡಿ ಮಾರಾಯ್ರೆ. ಕಂಡೆನ್ಸರ್ (ಕೆಪಾಸಿಟರ್) ಕಿತ್ತು ಬಿಸಾಡುದಕ್ಕೆ ಮುಂಚೆ ಒಂದೊಂದನ್ನೂ ಅಳೆದು ಬರೆದಿಡಿ. ಇಲ್ಲದಿದ್ರೆ ಕೆಟ್ಟದ್ದು ಯಾವುದು ಅಂತ ಆಮೇಲೆ ದೇವರಿಗೂ ಗೊತ್ತಾಗುದಿಲ್ಲ." ತಮ್ಮ ಹಳೆಯ ಸೀರೀಸ್ ಬೋರ್ಡನ್ನೂ ಅವರೇ ಕೊಟ್ಟು ಕಳಿಸಿದರು. ಒಂದು ಹಲಗೆ, ಒಂದು ಹೋಲ್ಡರ್, ಅದರಲ್ಲೊಂದು 100 ವಾಟಿನ ತಂತಿಯ ಬಲ್ಬು, ಪಕ್ಕದಲ್ಲೊಂದು ಸಾಕೆಟ್, ಅಷ್ಟೇ. ಯಂತ್ರಕ್ಕೆ ಹೋಗುವ ಕರೆಂಟೆಲ್ಲ ಬಲ್ಬಿನ ಮೂಲಕವೇ ಹಾಯುವುದರಿಂದ ಒಳಗೆ ಶಾರ್ಟ್ ಇದ್ದರೆ ಬಲ್ಬು ಪೂರ್ಣ ಉರಿದು, ಯಂತ್ರಕ್ಕೆ ಅಪಾಯ ತಗಲದಂತೆ ನೋಡಿಕೊಳ್ಳುತ್ತದೆ. ನಾನು ಅದರ ಹಿಂದೆ ವೋಲ್ಟೇಜನ್ನು ಬೇಕಾದಷ್ಟಕ್ಕೆ ಏರಿಳಿಸುವ ವೇರಿಯಾಕನ್ನೂ ಜೋಡಿಸಿ, ಕಡಿಮೆ ವೋಲ್ಟೇಜಿನಿಂದ ಆರಂಭಿಸಿ, ಕೆಪಾಸಿಟರ್‌ಗಳಿಗೆ ತಮ್ಮ ಪದರವನ್ನು ಮತ್ತೆ ಕಟ್ಟಿಕೊಳ್ಳಲು ಸಮಯ ಕೊಡುತ್ತಾ ಮೇಲೇರಿಸಿದೆ. ಬಲ್ಬು ಒಮ್ಮೆ ಮಿಂಚಿ, ಮಂಕಾಗಿ, ಕೆಂಪು ಎಳೆಯಷ್ಟಕ್ಕೆ ಇಳಿದು ನಿಂತಿತು. ಟ್ರಾನ್ಸ್‌ಫಾರ್ಮರೂ ಔಟ್‌ಪುಟ್ ಟ್ರಾನ್ಸಿಸ್ಟರ್‌ಗಳೂ ನೆಟ್ಟಗಿವೆ ಎಂಬುದು ಅಲ್ಲಿಗೆ ಬಹುಮಟ್ಟಿಗೆ ಖಚಿತವಾಯಿತು.

ಅಳತೆಗಳು ಹೇಳಿದ ಕಥೆ ಬೇರೆ. 67 ವೋಲ್ಟ್ ಇರಬೇಕಾದ ಪವರ್ ಸಪ್ಲೈ 63ರ ಆಸುಪಾಸಿನಲ್ಲಿ ತೂಗಾಡುತ್ತಿತ್ತು. ಮೀಟರಿನ ಅಂಕಿ ಒಂದೆಡೆ ನಿಲ್ಲುತ್ತಿರಲಿಲ್ಲ. 303ರಲ್ಲಿ ಪ್ರತಿ ಚಾನೆಲಿನ ಔಟ್‌ಪುಟ್ ಬಿಂದು ಸಪ್ಲೈಯ ಸರಿಯಾಗಿ ಅರ್ಧದಲ್ಲಿ, ಅಂದರೆ 33.5 ವೋಲ್ಟಿನಲ್ಲಿ ನಿಂತಿರಬೇಕು. ಅದು ಮಧ್ಯದಿಂದ ಜರುಗಿದರೆ ಧ್ವನಿತರಂಗ ಏರುವ ಕಡೆಗೋ ಇಳಿಯುವ ಕಡೆಗೋ ಬೇಗ ತಲೆ ಬಡಿದುಕೊಳ್ಳುತ್ತದೆ. ಆಗ ಜೋರಾದ ತಾನಗಳಲ್ಲಿ ಒಡಕು ಕೇಳಿಸುತ್ತದೆ. ನನ್ನ ಯಂತ್ರದಲ್ಲಿ ಎಡ ಚಾನೆಲ್ ಸುಮಾರಾಗಿ ಮಧ್ಯದಲ್ಲಿತ್ತು, ಬಲದ್ದು 29ಕ್ಕೆ ಇಳಿದಿತ್ತು. ಎರಡಕ್ಕೂ ಕಾರಣ ಒಂದೇ: ವೋಲ್ಟೇಜನ್ನು ಹೊಂದಿಸುವ ಸಣ್ಣ ಪ್ರೀಸೆಟ್‌ಗಳ ಕಾರ್ಬನ್ ಪಟ್ಟಿಯೂ ಅದರ ಮೇಲೆ ಜಾರುವ ಲೋಹದ ನಾಲಗೆಯೂ ಕಿಲುಬು ಹಿಡಿದು, ಸಂಪರ್ಕ ಇದ್ದೂ ಇಲ್ಲದಂತಾಗಿತ್ತು. ಸ್ಕ್ರೂಡ್ರೈವರಿನ ಹಿಡಿಯಿಂದ ಮೆಲ್ಲನೆ ತಟ್ಟಿದರೆ ಅಂಕಿ ಜಿಗಿಯುತ್ತಿತ್ತು. ಆ ಬಿಡಿಭಾಗಕ್ಕೆ ಬೆಲೆ ಅತ್ಯಲ್ಪ, ಆದರೆ ಇಡೀ ಆಂಪ್ಲಿಫೈಯರ್ ನಿಂತಿರುವುದು ಅದರ ಮೇಲೆ.

ಹೊಸ ಭಾಗಗಳಿಗೆ ಗ್ರ್ಯಾಂಟ್ ರೋಡ್ ಸ್ಟೇಷನ್ನಿನಲ್ಲಿಳಿದು ಲ್ಯಾಮಿಂಗ್ಟನ್ ರೋಡಿಗೆ ಹೋಗಬೇಕು. ರಸ್ತೆಗೆ ಡಾ. ದಾದಾಸಾಹೇಬ್ ಭಡಕಮಕರ್ ಮಾರ್ಗವೆಂಬ ಅಧಿಕೃತ ಹೆಸರಿದ್ದರೂ ಎಲೆಕ್ಟ್ರಾನಿಕ್ಸ್‌ನವರ ಬಾಯಲ್ಲಿ ಅದು ಲ್ಯಾಮಿಂಗ್ಟನ್ ರೋಡೇ. ಒಂದು ಅಂಗಡಿಯಲ್ಲಿ ದೊಡ್ಡ ಕೆಪಾಸಿಟರ್ ಕೇಳಿದಾಗ ಮಾಲೀಕರು ಸಂಕೋಚವಿಲ್ಲದೆ "ಅಸಲಿ ಚಾಹಿಯೇ ಯಾ ಚಾಲೂ ಚಾಹಿಯೇ?" (ಅಸಲಿಯದು ಬೇಕೋ, ಕಳಪೆಯದು ಬೇಕೋ) ಎಂದು ಕೇಳಿದರು. ಎರಡರ ಬೆಲೆಯಲ್ಲೂ ಭಾರೀ ಅಂತರವಿತ್ತು. ಕುತೂಹಲಕ್ಕೆಂದು ‘ಚಾಲೂ’ ಮಾಲನ್ನೂ ಒಂದು ಕೊಂಡು ತಂದು ಎಲ್‌ಸಿಆರ್ ಮೀಟರಿಗೆ ಹಿಡಿದರೆ, ಹೊದಿಕೆಯ ಮೇಲೆ ಅಚ್ಚಾಗಿದ್ದ ಧಾರಣಶಕ್ತಿಯ ಅರ್ಧವೂ ತೋರಲಿಲ್ಲ. ತಗಡನ್ನು ಕತ್ತರಿಸಿದೆ, ಒಳಗೆ ಬೇರೊಂದು ಚಿಕ್ಕ ಕೆಪಾಸಿಟರ್ ತನ್ನದೇ ಪುಟ್ಟ ಡಬ್ಬಿಯ ಸಮೇತ ಕುಳಿತಿತ್ತು, ಸುತ್ತಲಿನ ಪೊಳ್ಳಿಗೆ ಕಾಗದ ತುರುಕಿದ್ದರು. ಕೇಳಿ ಕೊಡುವ ವ್ಯಾಪಾರಿಯಲ್ಲಿ ಒಂದು ಬಗೆಯ ಪ್ರಾಮಾಣಿಕತೆಯಿದೆ ಎಂದೇ ಹೇಳಬೇಕು. ಕೇಳದೆ ಕೊಡುವವರ ಕೈಗೆ ಸಿಕ್ಕವರ ಪಾಡು ಬೇರೆ. ಪವರ್ ಟ್ರಾನ್ಸಿಸ್ಟರ್‌ಗಳಲ್ಲಿಯೂ ಇದೇ ಹಾವಳಿ ಇರುವುದರಿಂದ, ಚೆನ್ನಾಗಿರುವ ಮೂಲ ಟ್ರಾನ್ಸಿಸ್ಟರನ್ನು ‘ಹೊಸದಿರಲಿ’ ಎಂಬ ಕಾರಣಕ್ಕೆ ಬದಲಿಸುವುದನ್ನು ನಾನು ಒಪ್ಪುವುದಿಲ್ಲ. ನನ್ನ 303ರಲ್ಲಿ ಅವೆಲ್ಲವೂ ಮೂಲದವೇ ಉಳಿದಿವೆ.

ಕೆಪಾಸಿಟರ್‌ಗಳನ್ನು ಹಿರಿಯರ ಮಾತಿನಂತೆ ಒಂದೊಂದಾಗಿ ಅಳೆದು ಪಟ್ಟಿ ಮಾಡಿದೆ. ಧಾರಣಶಕ್ತಿ ಮಾತ್ರ ನೋಡಿದರೆ ಹೆಚ್ಚಿನವು ಸರಿಯಾಗಿಯೇ ಇದ್ದವು. ಆದರೆ ಒಳಗಿನ ದ್ರವ ಒಣಗಿದ ಕೆಪಾಸಿಟರಿನಲ್ಲಿ ಏರುವುದು ಆಂತರಿಕ ಪ್ರತಿರೋಧ, ಅಂದರೆ ಇಎಸ್‌ಆರ್. ಬೋರ್ಡಿನ ಮೇಲಿನ ಸಣ್ಣ ಎಲೆಕ್ಟ್ರೊಲಿಟಿಕ್‌ಗಳಲ್ಲಿ ಅದು ಬಹಳ ಏರಿತ್ತು, ಆದ್ದರಿಂದ ಅವೆಲ್ಲ ಹೋದವು. ದೊಡ್ಡ ಡಬ್ಬಿಗಳು ನಿರೀಕ್ಷೆಗಿಂತ ಆರೋಗ್ಯವಾಗಿದ್ದರೂ ವಯಸ್ಸು ನೋಡಿ ಬದಲಿಸಿದೆ. ಹತ್ತು ಡಿಗ್ರಿ ಉಷ್ಣತೆ ಹೆಚ್ಚಿದರೆ ಎಲೆಕ್ಟ್ರೊಲಿಟಿಕ್‌ನ ಆಯುಷ್ಯ ಸರಿಸುಮಾರು ಅರ್ಧಕ್ಕೆ ಇಳಿಯುತ್ತದೆಂಬ ಲೆಕ್ಕವಿರುವುದರಿಂದ, ಮೇ ತಿಂಗಳ ಮುಂಬೈಗೆ 85 ಡಿಗ್ರಿಯವುಗಳ ಬದಲು 105 ಡಿಗ್ರಿಯವುಗಳನ್ನೇ ಆರಿಸಿದೆ. ಬಿಚ್ಚುವ ಮೊದಲು ಅವುಗಳಲ್ಲಿ ಉಳಿದ ವಿದ್ಯುತ್ತನ್ನು 1000 ಓಮಿನ, 5 ವಾಟಿನ ರೆಸಿಸ್ಟರಿನ ಮೂಲಕ ಇಳಿಸಬೇಕು. ಸ್ಕ್ರೂಡ್ರೈವರ್ ಅಡ್ಡ ಇಟ್ಟು ಕಿಡಿ ಹಾರಿಸುವ ಪರಾಕ್ರಮ ಅನಗತ್ಯ.

ಔಟ್‌ಪುಟ್ ಕೆಪಾಸಿಟರಿನ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ಏಕೆಂದರೆ ಸುಧಾರಕರ ಕಣ್ಣು ಮೊದಲು ಬೀಳುವುದು ಅದರ ಮೇಲೆ. 2000 ಮೈಕ್ರೊಫ್ಯಾರಡಿನ ಜಾಗದಲ್ಲಿ 4700 ಅಥವಾ 10,000 ಹಾಕಿದರೆ ಮಂದ್ರ ಸ್ವರಗಳು ಗಟ್ಟಿಯಾಗುತ್ತವೆ ಎನ್ನುತ್ತಾರೆ. ಸರಳ ಲೆಕ್ಕ ಮಾಡಿ ನೋಡಿದರೆ 8 ಓಮ್ ಸ್ಪೀಕರಿನೊಂದಿಗೆ 2000 ಮೈಕ್ರೊಫ್ಯಾರಡ್ ಕತ್ತರಿಸುವುದು ಸುಮಾರು 10 ಹರ್ಟ್ಸ್‌ನಲ್ಲಿ. ನಮ್ಮ ಕಿವಿ ಕೇಳುವ ಸೀಮೆ 20 ಹರ್ಟ್ಸ್‌ನಿಂದ ಆರಂಭ; ನನ್ನ ಸ್ಪೀಕರುಗಳು 50ರ ಕೆಳಗೆ ಹೆಚ್ಚೇನೂ ನುಡಿಯುವುದಿಲ್ಲ. 10ನ್ನು 4ಕ್ಕೆ ಇಳಿಸಿ ಸಿಗುವ ಲಾಭ, ಬಗ್ಗಿದ ರೆಕಾರ್ಡಿನ ಏರಿಳಿತವನ್ನು ಸ್ಪೀಕರಿಗೆ ಇನ್ನಷ್ಟು ಸಲೀಸಾಗಿ ತಲುಪಿಸುವುದು ಮಾತ್ರ. ಇನ್ನು ಆ ಕೆಪಾಸಿಟರನ್ನೇ ತೆಗೆದುಹಾಕಿ ಎರಡು ಸಪ್ಲೈಗಳ ವಿನ್ಯಾಸಕ್ಕೆ ತಿರುಗಿಸುವವರೂ ಇದ್ದಾರೆ. ಟ್ರಾನ್ಸಿಸ್ಟರ್ ಶಾರ್ಟ್ ಆದ ದಿನ ಸ್ಪೀಕರಿನ ಸುರುಳಿಗೂ 67 ವೋಲ್ಟಿಗೂ ನಡುವೆ ಅಡ್ಡ ನಿಲ್ಲುವುದು ಇದೊಂದೇ ಭಾಗ. ಆದ್ದರಿಂದ ಅಸಲಿ ಮಾಲಿನಲ್ಲಿ ಸಮೀಪದ 2200ನ್ನು ಹಾಕಿ ಸುಮ್ಮನಾದೆ.

ಪ್ರೀಸೆಟ್‌ಗಳ ಜಾಗಕ್ಕೆ ಮುಚ್ಚಿದ ಕವಚದ, ಹಲವು ಸುತ್ತಿನ ಪ್ರೀಸೆಟ್‌ಗಳು ಬಂದವು. ಹೊಂದಿಸುವುದಕ್ಕೆ ಕ್ರಮವಿದೆ: ಮೊದಲು ಸಪ್ಲೈ 67ಕ್ಕೆ, ಆಮೇಲೆ ಮಧ್ಯಬಿಂದು 33.5ಕ್ಕೆ, ಕಡೆಗೆ ಔಟ್‌ಪುಟ್ ಟ್ರಾನ್ಸಿಸ್ಟರ್‌ಗಳು ಸಂಗೀತವಿಲ್ಲದಾಗಲೂ ಎಳೆಯುವ ಅಲ್ಪ ಕರೆಂಟು. ಅದನ್ನು ಎಮಿಟರ್ ರೆಸಿಸ್ಟರಿನ ಮೇಲಿನ ಕೆಲವೇ ಮಿಲಿವೋಲ್ಟುಗಳಾಗಿ ಅಳೆಯುತ್ತೇವೆ. ಈ ಕಡೆಯ ಹೊಂದಾಣಿಕೆಯಲ್ಲಿ 303ರ ಜಾಣ್ಮೆ ಕಾಣುತ್ತದೆ. ಆ ಕಾಲದ ಬಹುಪಾಲು ಟ್ರಾನ್ಸಿಸ್ಟರ್ ಆಂಪ್ಲಿಫೈಯರ್‌ಗಳಲ್ಲಿ ಔಟ್‌ಪುಟ್ ಟ್ರಾನ್ಸಿಸ್ಟರ್ ಬಿಸಿಯಾದಂತೆ ಈ ಕರೆಂಟೂ ಏರಿ, ಹೊಂದಿಸಿದ್ದೆಲ್ಲ ಜಾರಿಹೋಗುತ್ತಿತ್ತು. ಇಲ್ಲಿ ಪ್ರತಿ ಅರ್ಧಕ್ಕೂ ಮೂರು ಟ್ರಾನ್ಸಿಸ್ಟರ್‌ಗಳ ಒಂದು ಗುಂಪನ್ನು ಹೆಣೆದು, ಕರೆಂಟಿನ ನಿರ್ಧಾರವನ್ನು ತಂಪಾಗಿ ಕುಳಿತಿರುವ ಸಣ್ಣ ಟ್ರಾನ್ಸಿಸ್ಟರಿಗೆ ವಹಿಸಿದ್ದಾರೆ. ಬಿಸಿಯಾಗುವ ದೊಡ್ಡದಕ್ಕೆ ಆ ವಿಷಯದಲ್ಲಿ ಮಾತೇ ಇಲ್ಲ. 8 ಓಮಿನ ರೆಸಿಸ್ಟರನ್ನು ಸ್ಪೀಕರಿನ ಬದಲು ಕಟ್ಟಿ, 19 ವೋಲ್ಟ್ ಹೊರಬರುವವರೆಗೆ, ಅಂದರೆ ಪೂರ್ಣ 45 ವಾಟಿನವರೆಗೆ ಓಡಿಸಿ, ಹೀಟ್‌ಸಿಂಕ್ ಕೈಯಿಡಲಾರದಷ್ಟು ಕಾದ ಮೇಲೆ ಮತ್ತೆ ಅಳೆದೆ. ಮಿಲಿವೋಲ್ಟಿನ ಅಂಕಿ ಹೆಚ್ಚುಕಡಿಮೆ ಇದ್ದಲ್ಲೇ ಇತ್ತು. ಆಸಿಲೊಸ್ಕೋಪಿನ ಪರದೆಯ ಮೇಲೆ ತರಂಗ ಎರಡೂ ಕಡೆಗೆ ಒಂದೇ ಎತ್ತರದಲ್ಲಿ ಚಪ್ಪಟೆಯಾಗುತ್ತಿತ್ತು, ಎರಡೂ ಚಾನೆಲ್‌ಗಳಲ್ಲಿ.

ಕ್ವಾಡ್ 33ರದ್ದು ಬೇರೆ ತರಹದ ತಾಳ್ಮೆ. ಇದರ ಸರ್ಕ್ಯೂಟುಗಳು ಚಿಕ್ಕ ಕಾರ್ಡ್‌ಗಳ ಮೇಲಿದ್ದು, ಒಂದೊಂದೂ ತನ್ನ ಸಾಕೆಟ್ಟಿನಲ್ಲಿ ಚುಚ್ಚಿಕೊಂಡು ನಿಲ್ಲುತ್ತದೆ. ರೆಕಾರ್ಡಿನ ಕಾರ್ಡನ್ನು ತೆಗೆದು ಬೇರೆ ದಿಕ್ಕಿಗೆ ತಿರುಗಿಸಿ ಕೂರಿಸಿದರೆ ಬೇರೆ ಬಗೆಯ ಕಾರ್ಟ್ರಿಜ್ಜಿಗೆ (ಮುಳ್ಳಿನ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಭಾಗಕ್ಕೆ) ಹೊಂದುವಂತೆ ಮಾಡಿರುವುದು ಬಲು ಸೊಗಸಾದ ಉಪಾಯ. ಆದರೆ ಮುಂಬೈಯ ಗಾಳಿಗೆ ಆ ಸೊಗಸೇ ದಾರಿಯಾಗಿತ್ತು. ಕಾರ್ಡ್‌ಗಳ ಅಂಚಿನ ಪಟ್ಟಿಗಳು ಕಪ್ಪಾಗಿದ್ದವು. ಎಡ ಚಾನೆಲ್ ಬಂದು ಹೋಗುತ್ತಿತ್ತು. ಗುಂಡಿಗಳನ್ನು ಒತ್ತಿದಾಗಲೆಲ್ಲ ಕರಕರ ಸದ್ದು. ಕೆಲವರು ಇಂಥ ಪಟ್ಟಿಗಳನ್ನು ಸ್ಯಾಂಡ್‌ಪೇಪರಿನಿಂದ ತಿಕ್ಕಿ ಹೊಳೆಯಿಸುತ್ತಾರೆ. ಮೇಲಿನ ತೆಳು ಲೇಪ ಹೋಗಿ ತಾಮ್ರ ಬಯಲಾದರೆ ಮುಂದಿನ ಮಳೆಗಾಲಕ್ಕೆ ಮತ್ತೆ ಅದೇ ಕಥೆ. ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ ಹತ್ತಿಬಟ್ಟೆಯಿಂದ, ಬಟ್ಟೆಗೆ ಕಪ್ಪು ಹತ್ತುವುದು ನಿಲ್ಲುವವರೆಗೆ ಒರೆಸಿ, ಸಾಕೆಟ್ಟಿನ ಒಂದೊಂದು ನಾಲಗೆಯನ್ನೂ ಸೂಜಿಯ ತುದಿಯಿಂದ ತುಸುವೇ ಮುಂದಕ್ಕೆ ತಂದು ಬಿಗಿಮಾಡಿದೆ. ಈ ಕೆಲಸದಿಂದ ಧ್ವನಿಯಲ್ಲಾದ ಬದಲಾವಣೆ ಉಳಿದೆಲ್ಲ ಕೆಲಸಗಳಿಂದ ಆದದ್ದಕ್ಕಿಂತ ದೊಡ್ಡದು. ಹೊಸ ಭಾಗ ಎಂದು ಇದಕ್ಕೆ ಒಂದೂ ಬೇಕಾಗಲಿಲ್ಲ.

ರೆಕಾರ್ಡಿನ ಕಾರ್ಡಿನಲ್ಲಿ ಮಾತ್ರ ಮೊದಲ ಹಂತದ ಕಾರ್ಬನ್ ರೆಸಿಸ್ಟರ್‌ಗಳನ್ನು ತೆಗೆದು ಮೆಟಲ್ ಫಿಲ್ಮಿನವನ್ನು ಹಾಕಿದೆ. ಕೆಲವೇ ಮಿಲಿವೋಲ್ಟಿನ ಸಂಕೇತ ಬರುವ ಆ ಜಾಗದಲ್ಲಿ ರೆಸಿಸ್ಟರಿನ ಸ್ವಂತ ಸದ್ದೂ ಗಣನೆಗೆ ಬರುತ್ತದೆ. ಬದಲಾಯಿಸಿದ ಮೇಲೆ ಹಾಡುಗಳ ನಡುವಿನ ಸುಯ್ಯೆಂಬ ಸದ್ದು ತಗ್ಗಿತು.

1967ಕ್ಕೂ ಇಂದಿಗೂ ಇರುವ ನಿಜವಾದ ವ್ಯತ್ಯಾಸಗಳು ನನಗೆ ಕಂಡದ್ದು ಇನ್‌ಪುಟ್ಟಿನಲ್ಲಿ ಮತ್ತು ಗೋಡೆಯ ಸಾಕೆಟ್ಟಿನಲ್ಲಿ. 33ರ ರೇಡಿಯೊ ಇನ್‌ಪುಟ್ 100 ಮಿಲಿವೋಲ್ಟಿಗೆ ತಕ್ಕಂತೆ ಮಾಡಿದ್ದು. ಇಂದಿನ ಸಿಡಿ ಪ್ಲೇಯರ್ ಅಥವಾ ಡಿಜಿಟಲ್ ಸಂಗೀತವನ್ನು ಸಾಮಾನ್ಯ ಸಂಕೇತವಾಗಿಸುವ ಡ್ಯಾಕ್ ಕೊಡುವುದು 2 ವೋಲ್ಟ್. ನೇರ ಜೋಡಿಸಿದರೆ ವಾಲ್ಯೂಮ್ ಗುಂಡಿ ಕೂದಲೆಳೆ ತಿರುಗುವಷ್ಟರಲ್ಲಿ ಪಕ್ಕದ ಮನೆಯವರು ಎದ್ದು ಬರುತ್ತಾರೆ. ಧ್ವನಿಯೂ ಗಡುಸಾಗಿ, ‘ಹಳೆಯ ಕ್ವಾಡ್ ಇಷ್ಟೇ’ ಎಂಬ ಅಪಖ್ಯಾತಿ ಬರುತ್ತದೆ. ಪ್ರತಿ ಚಾನೆಲಿಗೆ 47 ಕಿಲೊ ಓಮ್ ಸರಣಿಯಲ್ಲಿ, 4.7 ಕಿಲೊ ಓಮ್ ಅರ್ತಿಗೆ, ಹೀಗೆ ಎರಡೇ ರೆಸಿಸ್ಟರ್‌ಗಳನ್ನು ಕೇಬಲಿನ ಡಿನ್ (ಹಲವು ಪಿನ್ನಿನ, ದುಂಡನೆಯ) ಪ್ಲಗ್ಗಿನೊಳಗೇ ಕೂರಿಸಿದಾಗ ಸಂಕೇತ ಹನ್ನೊಂದರಲ್ಲೊಂದು ಪಾಲಿಗೆ ಇಳಿದು ಎಲ್ಲವೂ ಹಳಿಗೆ ಬಂದಿತು. ಯಂತ್ರದೊಳಗೆ ಒಂದು ಗೀರೂ ಬೀಳಲಿಲ್ಲ.

ಎರಡನೆಯದು ಮೇನ್ಸ್. 303ಕ್ಕೆ ಹೋಗುವ ವಿದ್ಯುತ್ತು ಮೂಲದಲ್ಲಿ 33ರ ವಾಲ್ಯೂಮ್ ಗುಂಡಿಗೆ ಅಂಟಿದ ಸ್ವಿಚ್ಚಿನ ಮೂಲಕ ಹಾಯುತ್ತದೆ. ಆ ಸ್ವಿಚ್ಚು ಸುಟ್ಟರೆ ಅದೇ ಬಗೆಯ ಇನ್ನೊಂದು ಸಿಗುವುದು ಕಷ್ಟ, ಆದ್ದರಿಂದ 303ಕ್ಕೆ ಗೋಡೆಯಿಂದಲೇ ಪ್ರತ್ಯೇಕ ಲೈನ್ ಕೊಟ್ಟೆ. ನಾನಿರುವ ಮಾಟುಂಗದ ಹಳೆಯ ಕಟ್ಟಡದಲ್ಲಿ ಮೂರು ಪಿನ್ನಿನ ಸಾಕೆಟ್ಟುಗಳಿದ್ದರೂ ಕೆಲವು ಕೋಣೆಗಳಲ್ಲಿ ಮೂರನೆಯ ರಂಧ್ರದ ಹಿಂದೆ ತಂತಿಯೇ ಇರಲಿಲ್ಲ. ಲೋಹದ ಮೈಯ ಆಂಪ್ಲಿಫೈಯರಿಗೆ ಅರ್ತಿಂಗ್ ಇಲ್ಲದಿದ್ದರೆ ಜೀವಕ್ಕೇ ಅಪಾಯ. ಎಲೆಕ್ಟ್ರಿಶಿಯನ್ನನ್ನು ಕರೆಸಿ ಅದನ್ನು ಮೊದಲು ಸರಿಮಾಡಿಸಿದೆ.

ಲೆಂಕೊ ಟರ್ನ್‌ಟೇಬಲಿನ ಮೋಟರಿಗೆ ಎಣ್ಣೆ, ತಟ್ಟೆಯನ್ನು ತಿರುಗಿಸುವ ಐಡ್ಲರ್ ಚಕ್ರದ ರಬ್ಬರಿಗೆ ಆಲ್ಕೊಹಾಲ್, ಇಷ್ಟು ಸಾಕಾಯಿತು. ಅದರ ಪ್ರಸಿದ್ಧ ಬಲಹೀನತೆ ಮುಳ್ಳಿನ ತೋಳು ಕೂರುವ ಎರಡು ಪುಟ್ಟ ರಬ್ಬರ್ ಅಚ್ಚುಗಳು. ತೋಳಿನ ಚಾಕುವಿನಲಗಿನಂಥ ಅಂಚು ಅವುಗಳ ಇಂಗ್ಲಿಷ್ ‘ವಿ’ ಆಕಾರದ ಸೀಳಿನಲ್ಲಿ ಆಡುತ್ತದೆ. ನನ್ನದರಲ್ಲಿ ಅವು ಮಳೆಗಾಲದ ಬೆಲ್ಲದಂತೆ ಕರಗಿ ಅಂಟಾಗಿ, ತೋಳು ಒಂದು ಕಡೆಗೆ ವಾಲಿತ್ತು. ಪರೇಲ್‌ನ ಲೇತ್ ಕೆಲಸದವರೊಬ್ಬರು ನೈಲಾನಿನಲ್ಲಿ ಅಂಥವನ್ನೇ ಕೊರೆದು ಕೊಟ್ಟರು. ಈ ಟರ್ನ್‌ಟೇಬಲಿನ ವೇಗವನ್ನು ನಿರಂತರವಾಗಿ ಏರಿಳಿಸಬಹುದಾದ್ದರಿಂದ ಗೆರೆಗಳಿರುವ ಸ್ಟ್ರೋಬ್ ತಟ್ಟೆಯಿಂದ ಹೊಂದಿಸಬೇಕು. 50 ಹರ್ಟ್ಸ್ ವಿದ್ಯುತ್ತಿನ ದೀಪ ಸೆಕೆಂಡಿಗೆ 100 ಸಲ ಮಿನುಗುತ್ತದೆ; ಆ ಬೆಳಕಿನಲ್ಲಿ 180 ಗೆರೆಗಳ ವೃತ್ತ ನಿಶ್ಚಲವಾಗಿ ಕಂಡರೆ ವೇಗ ನಿಮಿಷಕ್ಕೆ 33⅓ ಸುತ್ತು, 77 ಗೆರೆಗಳದ್ದು ನಿಂತರೆ 78. ಎಲ್‌ಇಡಿ ದೀಪಗಳನ್ನು ಇದಕ್ಕೆ ನೆಚ್ಚುವಂತಿಲ್ಲ, ಅಡುಗೆಮನೆಯಲ್ಲಿ ಉಳಿದಿದ್ದ ಹಳೆಯ ಚೋಕಿನ ಟ್ಯೂಬ್‌ಲೈಟ್ ಉಪಯೋಗಕ್ಕೆ ಬಂದಿತು.

78ರ ವೇಗದ ಹಳೆಯ ತಟ್ಟೆಗಳಿಗೆ ಕ್ವಾಡ್ 33ರಲ್ಲಿ ಇರುವ ಅನುಕೂಲ ನೋಡಿದ ಮೇಲಂತೂ ಅದರ ಟೋನ್ ಸರ್ಕ್ಯೂಟನ್ನು ಕಿತ್ತುಹಾಕಿ ‘ಶುದ್ಧ’ಗೊಳಿಸಬೇಕೆನ್ನುವವರ ಮಾತು ನನಗೆ ರುಚಿಸುವುದಿಲ್ಲ. ಇದರಲ್ಲಿ 10, 7 ಮತ್ತು 5 ಕಿಲೊಹರ್ಟ್ಸ್‌ಗಳಲ್ಲಿ ಕತ್ತರಿಸುವ ಫಿಲ್ಟರ್ ಗುಂಡಿಗಳಿವೆ, ಎಷ್ಟು ಕಡಿದಾಗಿ ಕತ್ತರಿಸಬೇಕೆಂಬುದಕ್ಕೆ ಪ್ರತ್ಯೇಕ ಗುಂಡಿಯಿದೆ, ಯಾವುದೂ ಬೇಡವೆಂದರೆ ಎಲ್ಲವನ್ನೂ ಒಮ್ಮೆಲೇ ಬದಿಗೆ ಸರಿಸುವ ಕ್ಯಾನ್ಸಲ್ ಗುಂಡಿಯೂ ಇದೆ. ಗಂಗೂಬಾಯಿ ಹಾನಗಲ್ ಅವರ 1930ರ ದಶಕದ ಎಚ್‌ಎಂವಿ ತಟ್ಟೆಯೊಂದು, ಅವರನ್ನು ‘ಗಾಂಧಾರಿ’ ಎಂಬ ಹೆಸರಿನಲ್ಲಿ ಅಚ್ಚುಹಾಕಿದ್ದು, ನೆಂಟರ ಮನೆಯಿಂದ ಬಂದಿತ್ತು. ಅದಕ್ಕೆ ಎಲ್‌ಪಿಯ ಸಣ್ಣ ಮುಳ್ಳು ಸಲ್ಲದು, ಸುಮಾರು ನಾಲ್ಕು ಪಟ್ಟು ಅಗಲದ, 3 ಮಿಲ್ (ಇಂಚಿನ ಸಾವಿರದಲ್ಲಿ ಮೂರು ಪಾಲು) ಮುಳ್ಳು ಬೇಕು. ಆಗಿನ ಧ್ವನಿಮುದ್ರಣದಲ್ಲಿ ಮೇಲಿನ ಸ್ವರಾಂಶಗಳು ಹೆಚ್ಚು ಇಲ್ಲ, 5 ಕಿಲೊಹರ್ಟ್ಸ್‌ನ ಮೇಲೆ ಇರುವುದು ಬಹುತೇಕ ಗೀರಿನ ಸದ್ದೇ. ಮೊನೊಗೆ ಹಾಕಿ, 5ರ ಗುಂಡಿ ಒತ್ತಿ, ಇಳಿಜಾರನ್ನು ಮಧ್ಯಕ್ಕೆ ತಂದು, ರೆಕಾರ್ಡು ನುಡಿಸುವಾಗ ಮಂದ್ರ ತಾರಗಳನ್ನು ಎಷ್ಟು ತಿದ್ದಬೇಕೆನ್ನುವ ಆರ್‌ಐಎಎ ನಿಯಮ 1954ರದ್ದಾದ್ದರಿಂದ ಈ ತಟ್ಟೆಗೆ ಹೊಂದದ ಮಂದ್ರವನ್ನು ಕಿವಿಯ ಅಂದಾಜಿನಲ್ಲಿ ತಿದ್ದಿದಾಗ, ನಾವೆಲ್ಲ ಕೇಳಿ ಬಲ್ಲ ಗಂಡುಗಂಠಕ್ಕಿಂತ ಬಹಳ ಮೊದಲಿನ, ತೆಳುವಾದ ತಾರದ ಕಂಠ ಗೀರುಗಳ ನಡುವಿನಿಂದ ಬೇರೆಯಾಗಿ ಕೇಳಿಸಿತು.

ಉಳಿದಿರುವ ದೋಷವೆಂದರೆ ವಾಲ್ಯೂಮ್ ಕಂಟ್ರೋಲ್. ಕ್ಲೀನರ್ ಬಿಟ್ಟರೂ ಕೆಳತುದಿಯಲ್ಲಿ ಸ್ವಲ್ಪ ಕರಕರ ಎನ್ನುತ್ತದೆ, ಅಲ್ಲಿ ಎಡ ಬಲಗಳ ಮಟ್ಟವೂ ತುಸು ಏರುಪೇರು. ಕೇಬಲಿನಲ್ಲಿ ಕೂರಿಸಿದ ರೆಸಿಸ್ಟರ್‌ಗಳಿಂದಾಗಿ ಈಗ ಗುಂಡಿ ನಡುಭಾಗದಲ್ಲೇ ಓಡಾಡುವುದರಿಂದ ಅದರ ಗೊಡವೆಗೆ ಹೋಗಿಲ್ಲ. ಡೊಂಬಿವಲಿಯ ಹಿರಿಯರು ತಮ್ಮ ಹಳೆಯ ಸರಕಿನಲ್ಲಿ ಹೊಂದುವಂಥದ್ದು ಇದೆಯೇ ಎಂದು ಹುಡುಕುತ್ತಿದ್ದಾರೆ. ಮಳೆ ಶುರುವಾದ ಮೇಲೆ ವಾರಕ್ಕೊಮ್ಮೆಯಾದರೂ ಎರಡನ್ನೂ ಚಾಲೂ ಮಾಡಿ ಒಳಗಿನ ತೇವ ಆರುವಷ್ಟು ಹೊತ್ತು ಬಿಡುತ್ತೇನೆ, ಗುಂಡಿಗಳನ್ನು ಒಂದೆರಡು ಬಾರಿ ಒತ್ತಿ ಬಿಡುತ್ತೇನೆ, ದಸರೆಯ ಹೊತ್ತಿಗೆ ಕಾರ್ಡ್‌ಗಳನ್ನು ಹೊರತೆಗೆದು ಮತ್ತೊಮ್ಮೆ ಒರೆಸುತ್ತೇನೆ.